ಅಪ್ಪ ಓಡದ ದೃಶ್ಯ

ನನ್ನಪ್ಪನಷ್ಟು ಪುಕ್ಕಲು ಮನುಷ್ಯನನ್ನು ನಾನು ಕಂಡಿಲ್ಲ. ಹಲಸೂರು ಕೆರೆ ಹತ್ತಿರ ಟ್ರಾಫಿಕ್ ಪೊಲೀಸ್ ಇನ್ಯಾರಿಗೋ ಸೀಟಿ ಊದಿದರೂ ಇವರು ಸ್ಕೂಟರ್ ನಿಲ್ಲಿಸಿ ಲೈಸೆನ್ಸ್ ತೆಗೆಯುತ್ತಿದ್ದರು. ನನಗೆ ನಗು, ಅಮ್ಮನಿಗೆ ಸಿಟ್ಟು.

ಕಾರಣ ಮಾತ್ರ ನಗುವಂಥದ್ದಲ್ಲ. ಅವರ ಫ್ಯಾಕ್ಟರಿ ಯೂನಿಯನ್ನಿನಲ್ಲಿ ಒಂದು ಪದ್ಧತಿಯಿತ್ತು: ಮೆರವಣಿಗೆಯಲ್ಲಿ ಇಬ್ಬಿಬ್ಬರು ಕೈಹಿಡಿದು ನಡೆಯಬೇಕು, ಏನೇ ಆದರೂ ಜೋಡಿಯ ಕೈ ಬಿಡಬಾರದು. ಹಿಂದೊಮ್ಮೆ ಮುಷ್ಕರದ ದಿನ ಗೇಟಿನ ಮುಂದೆ ಪೊಲೀಸರು ಲಾಠಿ ಬೀಸಿದಾಗ ಅಪ್ಪ ಕೈ ಬಿಟ್ಟು ಓಡಿದ್ದರು. ಅವರ ಜೋಡಿಯ ಎಡಗೈ ಮುರಿದು ಸೊಟ್ಟಗೆ ಕೂಡಿಕೊಂಡಿತು. ಆ ಗೆಳೆಯ, ನನ್ನ ಬಾಯಲ್ಲಿ ಮಾಮ, ಈಗಲೂ ಫ್ಯಾಕ್ಟರಿ ಕಾಲನಿಯಲ್ಲಿ ನಮ್ಮ ಎದುರುಮನೆಯವರು. ಒಂದು ದಿನವೂ ಆ ಮಾತೆತ್ತಿಲ್ಲ. ಎತ್ತಿ ಬೈದಿದ್ದರೆ ಅಪ್ಪನಿಗೆ ಹಗುರವಾಗುತ್ತಿತ್ತೇನೋ.

ಹೋದ ವರ್ಷ ಕ್ರಾಂತಿಕಾರಿ ನಾಯಕನೊಬ್ಬನ ಜೀವನದ ಸಿನಿಮಾದವರು ಬಂದರು. ಅವರಿಗೆ ನಿಜವಾದ ಕಾರ್ಮಿಕರ ಮುಖಗಳೇ ಬೇಕಂತೆ. ಕಾಲನಿಯ ರಿಟೈರ್ ಆದವರೆಲ್ಲ ಮದುವೆಗೆ ಹೊರಟವರ ಹಾಗೆ ಬಸ್ಸು ಹತ್ತಿದರು. ಯಾರಾದರೂ ಬಿದ್ದುಗಿದ್ದಾರು ಎಂದು ನಾನೂ ಹೋದೆ. ರಿಚರ್ಡ್ಸ್ ಟೌನಿನ ಹಳೇ ಬಂಗಲೆಯ ಮುಂದೆ ಮೇಕಪ್ಪಿನವನು, ಇವರು ಕಾರ್ಮಿಕರಂತೆ ಕಾಣಲೆಂದು, ಕೆನ್ನೆಗೆಲ್ಲ ಮಸಿ ಹಚ್ಚಿದ.

ದೃಶ್ಯ ಸರಳ. ನಾಯಕ ಭಾಷಣ ಮಾಡುತ್ತಾನೆ, ಪೊಲೀಸರು ನುಗ್ಗುತ್ತಾರೆ, ಜನ ಚದುರಿ ಓಡಬೇಕು. ಸಾಲಿನಲ್ಲಿ ನಿಲ್ಲಿಸಿದ್ದೇ ತಡ, ಹಳೇ ಅಭ್ಯಾಸ, ಮುದುಕರೆಲ್ಲ ಇಬ್ಬಿಬ್ಬರಾಗಿ ಕೈಹಿಡಿದರು. ಅಪ್ಪನ ಕೈಗೆ ಆ ಸೊಟ್ಟ ಕೈಯೇ ಸಿಕ್ಕಿತು.

ಲಾಠಿಗಳು ಬಂದವು. ಎಲ್ಲರೂ ಓಡಿದರು. ಅಪ್ಪ ನಿಂತೇ ಇದ್ದರು. ಕೈ ಬಿಡದ್ದರಿಂದ ಮಾಮನೂ ನಿಂತರು.

"ಕಟ್! ಯಜಮಾನ್ರೇ, ಓಡ್ಬೇಕು!"

ಎರಡನೇ ಸಲವೂ ನಿಂತರು. ಮೂರನೇ ಸಲವೂ. ನಿರ್ದೇಶಕ ತಾನೇ ಎದ್ದು ಬಂದ.

"ಕಿವಿ ಕೇಳಲ್ವಾ ನಿಮಗೆ? ಯಾಕ್ರೀ ಓಡ್ತಿಲ್ಲ?"

"ಒಂದ್ಸಲ ಓಡಿದ್ದೀನಿ ಸಾರ್," ಅಂದರು ಅಪ್ಪ. "ಇನ್ನಾಗಲ್ಲ."

ಸೀಟಿಗೆ ಹೆದರುವ ನನ್ನಪ್ಪನೇ ಇವರು ಎಂದು ನಂಬುವುದಕ್ಕೇ ಆಗಲಿಲ್ಲ. ನಿರ್ದೇಶಕ ಸ್ವಲ್ಪ ಹೊತ್ತು ಇಬ್ಬರ ಕೈಗಳನ್ನೇ ನೋಡಿದ. ಆಮೇಲೆ ಲಾಠಿಯವರಿಗೆ, "ಇವರಿಬ್ಬರನ್ನ ಬಿಟ್ಟು ಸುತ್ತಿಕೊಂಡು ಹೋಗ್ರಪ್ಪಾ," ಎಂದ.

ಸಿನಿಮಾ ಬಿಡುಗಡೆಯಾದಾಗ ಇಂದಿರಾನಗರದ ಥಿಯೇಟರಿಗೆ ಕಾಲನಿಗೆ ಕಾಲನಿಯೇ ಹೋಯಿತು. ನಾಯಕನ ಹೆಗಲಾಚೆ, ಓಡುವ ಜನರ ನಡುವೆ, ಇಬ್ಬರು ಮುದುಕರು ನಿಂತಿದ್ದಾರೆ. ಎರಡು ಸಲ ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ನಾನು ಅಂಥ ದೊಡ್ಡ ದೃಶ್ಯ ಇನ್ನೊಂದು ನೋಡಿಲ್ಲ.

ಕತ್ತಲಲ್ಲಿ ಮಾಮ ಅಪ್ಪನ ಕಡೆ ಬಾಗಿದರು. ಅಷ್ಟು ವರ್ಷ ಎತ್ತದ ಮಾತನ್ನು ಆಗ ಎತ್ತಿದರು.

"ಅವತ್ತು ನಾನೇ ಕೂಗಿದ್ದು ಕಣೋ, ಓಡು ಅಂತ. ನಿನಗೆ ಕೇಳಿಸಿತ್ತು ಅಂದ್ಕೊಂಡಿದ್ದೆ."