ಭಾವಮೈದನ ಉಬುಂಟು

ಲ್ಯಾಪ್‌ಟಾಪಿನ ಫ್ಯಾನು ಗುರ್ರ್ ಅಂದರೆ ಸಾಕು, ನನಗೆ ಹೊಟ್ಟೆಯುರಿ ಶುರು. ಇವತ್ತು ಬೆಳಿಗ್ಗೆಯೂ ಅಂದಿತು. ನಮ್ಮ ಪಾರ್ವತಿನಗರದ ಮನೆಯ ಹೊರಕೋಣೆಯಲ್ಲಿ ಹೆಂಡತಿ ಗಿರಿಜಾ ಪ್ರಿಂಟಿಂಗ್ ಪ್ರೆಸ್ಸಿನವರು ಕೊಟ್ಟ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದಳು.

ಈ ಉರಿ ಮೊದಲು ಹತ್ತಿದ್ದು ಅವಳ ತಮ್ಮ ವೀರೇಶನಿಂದ. ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ. ಹಿಂದೊಮ್ಮೆ ನಮ್ಮ ಹಳೇ ಲ್ಯಾಪ್‌ಟಾಪ್ ಏಳಲಾರದೆ ಕೂತಾಗ ಬಂದು ಉಬುಂಟು ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟ. ಅದು ಎದ್ದು ಓಡಿತು, ನಿಜ. ಆದರೆ ಅಂದಿನಿಂದ ಗಿರಿಜಾ ಚೂರು ತೊಂದರೆಯಾದರೂ ಫೋನ್ ಹಚ್ಚುವುದು ಅವನಿಗೆ. "ವೀರೇಶಾ, ಪ್ರಿಂಟ್ ಬರವಲ್ದೋ." ಗಂಡ ಅನ್ನೋನು ಪಕ್ಕದಲ್ಲೇ ಕೂತಿದ್ದೆ ಮಾರಾಯರೇ. ಪ್ರಿಂಟ್ ಬಂದ ಮೇಲೂ ಮಾತು ಮುಗಿಯುತ್ತಿರಲಿಲ್ಲ. ಕುರುಗೋಡಿನ ತವರಲ್ಲಿ ಎಮ್ಮೆ ಈಯಿತೋ ಇಲ್ಲವೋ, ಅತ್ತಿಗೆಯ ಸಿಟ್ಟು ಇಳಿಯಿತೋ ಇಲ್ಲವೋ. ಮೇಲೆ ನಗು ಬೇರೆ. ಆ ನಗು ನನಗೆ ಬೇಕಿತ್ತು.

ನಾನೂ ಕದ್ದು ವಿಡಿಯೋ ನೋಡಿ ಕಲಿತೆ. ಉಬುಂಟು ಲಿನಕ್ಸ್ ಅನ್ನೋ ಜಾತಿಯದು; ಅದರಲ್ಲಿ ಇದೊಂದೇ ಅಲ್ಲ, ದೊಡ್ಡ ಬಳಗವೇ ಇದೆ. ಒಂದೊಂದಕ್ಕೆ ಒಂದೊಂದು ಮರ್ಜಿ. ಯಾವುದು ಒಳ್ಳೆಯದು ಅಂತ ನಾನು ಹುಡುಕಲಿಲ್ಲ, ವೀರೇಶನಿಗೆ ಗೊತ್ತಿಲ್ಲದ್ದು ಯಾವುದು ಅಂತ ಹುಡುಕಿದೆ. ಗಿರಿಜಾ ಮಾರ್ಕೆಟ್ಟಿಗೆ ಹೋದಾಗ ಉಬುಂಟು ಕಿತ್ತು ಅಂಥದ್ದೊಂದನ್ನು ಹಾಕಿದೆ. ಪರದೆ ಬಹಳ ಚೆಂದ ಬಂತು. ಪ್ರಿಂಟರ್ ಸತ್ತಿತು, ಕನ್ನಡ ಟೈಪಿಂಗ್ ಮಾಯ. ಮರುದಿನವೇ ಪತ್ರಿಕೆ ಕೊಡಬೇಕಿತ್ತು.

ಫೋನ್ ಮತ್ತೆ ಅವನಿಗೇ ಹೋಯಿತು. "ಅಕ್ಕಾ, ಇದು ನಂಗೂ ಗೊತ್ತಿಲ್ಲ" ಅಂದ. ನನಗೆ ಎಂಥ ಖುಷಿ ಅಂತೀರಿ. ಗಿರಿಜಾ ನನ್ನ ಕಡೆ ತಿರುಗಿದಳು. ನನಗೂ ಬರಲಿಲ್ಲ.

"ಸರಿರಿ ಆಕಡಿ" ಅಂದವಳು ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಕೂತು, ಓದಿ, ತಪ್ಪಿ, ಸಂಜೆಯೊಳಗೆ ಪತ್ರಿಕೆ ತೆಗೆದಳು. ಆಮೇಲೆ ಅವಳಿಗೆ ರುಚಿ ಹತ್ತಿತು. ಈಗ ಬೇಜಾರಾದಾಗಲೆಲ್ಲ ತಾನೇ ಹೊಸದೊಂದು ಲಿನಕ್ಸ್ ಹಾಕಿಕೊಳ್ಳುತ್ತಾಳೆ. ನನ್ನನ್ನು ಕೇಳುವುದಿಲ್ಲ, ಅವನನ್ನೂ ಕೇಳುವುದಿಲ್ಲ.

ಇವತ್ತು ಫ್ಯಾನು ಗುರ್ರ್ ಅಂದಾಗ "ಏನಾರ ನೋಡ್ಲೇನು?" ಅಂದೆ. "ಬ್ಯಾಡ್ರಿ" ಅಂದಳು. ಅಷ್ಟರಲ್ಲಿ ನನ್ನ ಫೋನು. ವೀರೇಶ.

"ಮಾವಾ, ಅಕ್ಕನ ಲ್ಯಾಪ್‌ಟಾಪ್ ಹೆಂಗೈತ್ರಿ?"

"ಚೊಲೋ ಐತಪಾ."

"ಏನೂ ತೊಂದ್ರಿ ಇಲ್ಲೇನ್ರಿ?"

"ಏನಿಲ್ಲ."

ಪರದೆ ಮೇಲೆ ಏನು ಕಂಡಳೋ, ಗಿರಿಜಾ ನಕ್ಕಳು. ಅದೇ ನಗು.

"ಅಕ್ಕ ನಗಾಕತ್ತಾಳಲ್ರಿ, ಯಾರ ಜೋಡಿ?"

"ಒಬ್ಬಾಕಿನೇ" ಅಂದೆ.

ಅವನು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಕೊನೆಗೆ ನಾನೇ ಕೇಳಿದೆ: "ಎಮ್ಮಿ ಈಯ್ತೇನಪಾ?"