ಕಾಶಿಯಲ್ಲಿ ಬಿಡಬೇಕಿದ್ದ ಕಾಫಿ

ದಿನಚರಿಯ ಶುಕ್ರವಾರದ ಪುಟದಲ್ಲಿ ನಾನು ಬರೆದುಕೊಂಡ ಮೊದಲ ಸಾಲು: 'ಅಜ್ಜಿಯ ಕಡೆಯ ಕಾಫಿ, ಗುಬ್ಬಿ, ಬೆಳಗಿನ ಜಾವ.'

ಕಾಶಿಗೆ ಹೋದವರು ತಮಗೆ ತುಂಬ ಇಷ್ಟವಾದ ಒಂದನ್ನು ಗಂಗೆಯಲ್ಲಿ ಬಿಟ್ಟು ಬರುತ್ತಾರೆ. ಆಮೇಲೆ ಅದನ್ನು ಮುಟ್ಟುವ ಹಾಗಿಲ್ಲ. ಬೀಳ್ಕೊಡಲು ಬಂದ ನೆಂಟರೆಲ್ಲರ ಮುಂದೆ ಅಜ್ಜಿ ಕಾಫಿ ಬಿಡುತ್ತೇನೆ ಎಂದುಬಿಟ್ಟರು. ಅಜ್ಜ ಎದ್ದು ಅಜ್ಜಿಯ ಚೀಲವನ್ನು ಹೊರಗೆ ತಂದಿಟ್ಟರು. ನನಗೆ ಬುದ್ಧಿ ಬಂದಾಗಿನಿಂದ ಅವರಿಬ್ಬರೂ ಬೆಳಗಾದರೆ ಜಗುಲಿಯಲ್ಲಿ ಒಟ್ಟಿಗೆ ಕೂತು ಕಾಫಿ ಕುಡಿಯುವವರು. ಮಂಡಿನೋವೆಂದು ಅಜ್ಜ ಊರಲ್ಲೇ ಉಳಿದರು. ಅಜ್ಜಿಯ ಜೊತೆ ನಾನು ಹೊರಟೆ.

ಬೆಂಗಳೂರಿನ ವಿಮಾನ ನಿಲ್ದಾಣ ತಲುಪಿದಾಗ ನಮ್ಮ ವಿಮಾನ ರದ್ದಾಗಿತ್ತು. ಪೈಲಟ್‌ಗಳ ಮುಷ್ಕರವಂತೆ.

"ಬಸ್ಸಿನೋರ್ ತರ ಇವ್ರೂ ಸ್ಟ್ರೈಕ್ ಮಾಡ್ತಾರೇನೇ?" ಎಂದರು ಅಜ್ಜಿ. ಎಲ್ಲರಿಂದಲೂ ಬೈಸಿಕೊಳ್ಳುತ್ತಿದ್ದ ಕೌಂಟರಿನ ಹುಡುಗಿಯನ್ನು ಊಟ ಆಯ್ತೇನವ್ವ ಎಂದು ವಿಚಾರಿಸಿದರು. ಅವಳು ಸೋಮವಾರಕ್ಕೆ ಟಿಕೆಟ್ ಬದಲಿಸಿಕೊಟ್ಟಳು.

ಗುಬ್ಬಿಗೆ ವಾಪಸು ಹೋಗೋಣವೆಂದರೆ ಅಜ್ಜಿ ಒಪ್ಪಲಿಲ್ಲ. ಯಾತ್ರೆಗೆಂದು ಹೊಸ್ತಿಲು ದಾಟಿದವರು ಕಾಶಿ ನೋಡದೆ ಅದನ್ನು ತುಳಿಯಬಾರದು. ಕುಣಿಗಲ್ಲಿನಿಂದ ಅತ್ತೆ ಕರೆದರು. ಮಗಳ ಮನೆಯೂ ಮನೆಯೇ ಎಂದು ಅದೂ ಬೇಡವಾಯಿತು. ತುಮಕೂರಿನ ಶೆಟ್ಟಿಹಳ್ಳಿಯ ನನ್ನ ಬಾಡಿಗೆ ಕೋಣೆ ಮಾತ್ರ ಛತ್ರ ಇದ್ದಂತೆ, ಅಡ್ಡಿಯಿಲ್ಲವಂತೆ. ಅಲ್ಲಿಗೇ ಬಂದೆವು.

ಶನಿವಾರ ಬೆಳಗ್ಗೆ ಕಾಫಿ ಕೊಟ್ಟೆ. ಲೋಟವನ್ನೇ ನೋಡುತ್ತ ಕೂತ ಅಜ್ಜಿ, ಇನ್ನೂ ಬಿಟ್ಟಿಲ್ಲವಲ್ಲ ಎಂದು ತಾವೇ ತೀರ್ಮಾನಿಸಿ ಕುಡಿದರು. ಆ ದಿನದ ಲೆಕ್ಕ ನಾಲ್ಕು ಲೋಟ.

ಭಾನುವಾರ, ಹೇಳದೆ ಕೇಳದೆ ಅಜ್ಜ ಬಸ್ಸು ಹತ್ತಿ ಬಂದರು. ಮಹಡಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು.

"ಮಂಡಿನೋವು ಅಂತ ಕಾಶಿಗ್ ಬರ್ದೆ ಇದ್ದೋರು ಇಲ್ಲಿಗ್ ಹೆಂಗ್ ಬಂದ್ರಿ?"

"ಇದು ಕಾಶಿಗಿಂತ ಹತ್ರ ಕಣೇ."

ತೆಂಗಿನಕಾಯಿ ಕೀಳಿಸಿದ್ದು, ಮೋಟಾರು ಕೆಟ್ಟಿದ್ದು ಎಲ್ಲ ಹೇಳಿದರು. ನಾನು ಇಬ್ಬರಿಗೂ ಕಾಫಿ ತಂದಿಟ್ಟೆ. ಅಜ್ಜ ಲೋಟ ಎತ್ತಲಿಲ್ಲ.

"ಕಾಫಿ ಒಂದ್ ಬಿಡ್ಬೇಡ ಕಣೇ. ಎರಡು ದಿನದಿಂದ ಒಬ್ನೇ ಕೂತ್ಕೊಂಡು ಕುಡಿದೆ. ಸೇರ್ಲಿಲ್ಲ."

"ಅವತ್ತೇ ಹೇಳಕ್ಕೇನಾಗಿತ್ತು?"

"ಅಷ್ಟ್ ಜನ ಇದ್ರಲ್ಲ."

"ಎಲ್ರ ಮುಂದೆ ಹೇಳಾಗಿದೆ."

"ನೆಂಟ್ರಿಗ್ ಹೇಳಿದೀಯ. ಗಂಗೆಗ್ ಹೇಳಿಲ್ವಲ್ಲ."

ಅಜ್ಜಿ ಆರುತ್ತಿದ್ದ ಲೋಟವನ್ನು ಅವರ ಕೈಗೆ ಕೊಟ್ಟರು. ಸಂಜೆ ಅಜ್ಜನನ್ನು ಗುಬ್ಬಿ ಬಸ್ಸು ಹತ್ತಿಸಿದೆ.

ಸೋಮವಾರ ವಿಮಾನ ಹಾರಿತು. ಮರುದಿನ ಗಂಗೆಯಲ್ಲಿ ಮುಳುಗಿ ಎದ್ದ ಅಜ್ಜಿ, ಒದ್ದೆ ಸೀರೆಯಲ್ಲೇ ನನ್ನ ಫೋನಿನಿಂದ ಅಜ್ಜನಿಗೆ ಕರೆ ಮಾಡಿಸಿದರು.

"ಹಲಸಿನ ಹಣ್ಣು ಬಿಟ್ಟಿದೀನಿ. ನನ್ನ ಮುಂದೆ ಕೂತು ನೀವೊಬ್ರೇ ತಿನ್ನಂಗಿಲ್ಲ."

ಹಲಸೆಂದರೆ ಪ್ರಾಣ ಬಿಡುವ ಅಜ್ಜ ಆ ಕಡೆಯಿಂದ ಆಗಲಿ, ಆಗಲಿ ಎನ್ನುತ್ತಿದ್ದದ್ದು ನನಗೂ ಕೇಳಿಸಿತು.