ಅಜ್ಜಿಯ ಅಂಗೈ ಮತ್ತು ಸೀತನಿ ಕುಣಿ

ಬೆಳಿಗ್ಗೆ ಮೊಬೈಲಿಗೆ ಒಂದು ವಿಡಿಯೊ ಬಂತು. ನ್ಯೂಜಿಲೆಂಡಿನ ಮಾವೊರಿ ಬುಡಕಟ್ಟಿನ ಅಜ್ಜಿಯೊಬ್ಬಳು ನೆಲದಿಂದ ಕುದಿದೇಳುವ ಬುಗ್ಗೆಗೆ ಗೋವಿನಜೋಳದ ಬುಟ್ಟಿ ಇಳಿಬಿಟ್ಟು, ಬೆಂದ ತೆನೆಯನ್ನು ಬರಿಗೈಯಲ್ಲಿ ಸುಲಿದು ಮೊಮ್ಮಕ್ಕಳಿಗೆ ಕೊಡುತ್ತಿದ್ದಳು.

"ಅವ್ವಾ, ಆಕಿ ಕೈ ಸುಡೂದಿಲ್ಲೇನ?" ಎಂದಳು ಮಗಳು.

ಮನಸ್ಸಿನಲ್ಲಿ ನಾನಾಗಲೇ ಚಿಕ್ಕಂದಿನ ಹೊನವಾಡದ ಹೊಲದಲ್ಲಿದ್ದೆ. ನಮಗೂ ನೆಲವೇ ಒಲೆ. ಕುಣಿ ತೋಡಿ, ಸಗಣಿಯ ಕುಳ್ಳು ಸುಟ್ಟು, ಆ ಕೆಂಡದಲ್ಲಿ ಹಾಲುಗಾಳಿನ ಜೋಳದ ತೆನೆ ಹುಗಿದು ಸೀತನಿ ಸುಡುತ್ತಿದ್ದೆವು. ಸುಡುಸುಡು ತೆನೆಯನ್ನು ಅಂಗೈಯಲ್ಲೇ ತಿಕ್ಕಿ ಕಾಳು ಉದುರಿಸುವುದು ಅಜ್ಜಿಯ ಕೆಲಸ. ಮೊದಲ ಮುಷ್ಟಿ ಭೂಮಿತಾಯಿಗೆ. ಅದು ನೆಲಕ್ಕೆ ಬೀಳುವ ತನಕ ಯಾರೂ ಬಾಯಿಗೆ ಹಾಕುವಂತಿರಲಿಲ್ಲ.

ಒಂದು ದಿನ ಅಪ್ಪನ ತಮ್ಮ, ನಮ್ಮ ಕಾಕಾ, ಹಾಕಿಕೊಂಡ.

"ಬದು ಹರಗಿ ನನ್ನ ಹೊಲಾ ತಿಂದಿದ್ದು ಸಾಲಲಿಲ್ಲೇನಲೇ, ಭೂಮಿತಾಯಿ ಪಾಲೂ ತಿಂತೀಯೇನು?" ಎನ್ನುತ್ತ ಅಪ್ಪ ಅವನ ಕಪಾಳಕ್ಕೆ ಬಿಗಿದ. ಕಾಕಾ ಬಡಿಗೆ ಬೀಸಿ ಅಪ್ಪನ ಹಣೆ ಒಡೆದ. ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಅಪ್ಪ ತಮ್ಮನ ಕುತ್ತಿಗೆ ಹಿಡಿದು, ಮುಖವನ್ನು ಕುಣಿಯೊಳಗೆ ಒತ್ತತೊಡಗಿದ. ಮೀಸೆ ಸುಟ್ಟ ವಾಸನೆ ಬಂತು.

ಅಜ್ಜಿ ಎರಡೂ ಅಂಗೈಗಳನ್ನು ಕೆಂಡದ ಮೇಲೆ ಹಾಸಿ, ಕಿರಿಮಗನ ಮುಖವನ್ನು ಅವುಗಳಲ್ಲಿ ಹಿಡಿದಳು. ಅಪ್ಪನ ಕೈ ತಾನಾಗಿಯೇ ಸಡಿಲವಾಯಿತು.

ಸುಲಿದುಹೋದ ಆ ಕೈಗಳಿಂದಲೇ ಅವಳು ಉಳಿದ ತೆನೆ ತಿಕ್ಕಿದಳು. ಒಂದು ಮುಷ್ಟಿ ನೆಲಕ್ಕೆ ಚೆಲ್ಲಿ, ಮಿಕ್ಕಿದ್ದನ್ನು ಇಬ್ಬರ ಮುಂದೆ ಹಿಡಿದಳು.

"ತಿನ್ರಲೇ. ನನ್ನ ತೊಗಲೂ ಅದರಾಗ ಐತಿ."

ಇಬ್ಬರೂ ತಿಂದರು.

ಮಗಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು.

"ಸುಡತೈತವ್ವಾ," ಎಂದೆ.